ಕೆಂಪು ದೀಪಕ್ಕೆ ಇಯರ್ ಬಡ್ ಮದ್ದು

ಬೆಂಗಳೂರಿನ ಎಸ್.ಪಿ. ರಸ್ತೆಯ ಸಂದಿಯೊಂದರಲ್ಲಿ, ಮಹಡಿ ಮೆಟ್ಟಿಲಿನ ಅಡಿಗೇ ಮೇಜು ಹಾಕಿಕೊಂಡಿರುವ ರಿಪೇರಿ ಅಂಗಡಿ ಅದು. ನಾಮಫಲಕ ಇಲ್ಲ, ಕೇಳಿದರೆ ಸಂದಿಯಲ್ಲಿ ಯಾರಾದರೂ ಕೈ ತೋರಿಸುತ್ತಾರೆ. ಹಳೆಯ ಆಂಪ್ಲಿಫೈಯರ್‌ಗೆ ಟ್ರಾನ್ಸ್‌ಫಾರ್ಮರ್ ಹುಡುಕಿಕೊಂಡು ಹೋಗಿದ್ದ ನಾನು, ಹೋದ ಕೆಲಸ ಬಿಟ್ಟು ಮಧ್ಯಾಹ್ನವೆಲ್ಲ ಅಲ್ಲೇ ನಿಂತದ್ದು ಒಂದು ಏರ್ ಪ್ಯೂರಿಫೈಯರ್ ದೆಸೆಯಿಂದ.

ಅದನ್ನು ಆಟೋದಲ್ಲಿ ಹೊತ್ತು ತಂದವರು ಜಯನಗರದ ಹಿರಿಯರೊಬ್ಬರು. ಮಗಳು ಗುರುಗ್ರಾಮದಿಂದ ವರ್ಗವಾಗಿ ಬರುವಾಗ ಪಾತ್ರೆಪಗಡಗಳ ಜೊತೆ ಲಾರಿ ಏರಿ ಬಂದ ಯಂತ್ರವಂತೆ. ಮೊಮ್ಮಗನಿಗೆ ಉಬ್ಬಸ, ಹಾಗಾಗಿ ಇಲ್ಲೂ ಅದಕ್ಕೆ ಬಿಡುವಿಲ್ಲ. ಇತ್ತೀಚೆಗೆ ಕಿಟಕಿ ತೆರೆದರೂ ಮುಚ್ಚಿದರೂ, ಮಳೆ ಬಂದು ಊರೆಲ್ಲ ತೊಳೆದುಹೋದರೂ ಅದು ಕೆಂಪು ದೀಪ ಹಚ್ಚಿಕೊಂಡು ಭೋರೆಂದು ತಿರುಗುವುದನ್ನು ಬಿಟ್ಟಿರಲಿಲ್ಲ. ಆಮೇಲೆ ಎಚ್ಚರಿಕೆಯ ಚಿಹ್ನೆಯೂ ಮಿಣುಕತೊಡಗಿತು. ಸರ್ವಿಸ್‌ನವರು ಬಂದವರೇ ‘ಬೋರ್ಡ್ ಹೋಗಿದೆ’ ಎಂದು ಎಸ್ಟಿಮೇಟ್ ಬರೆದುಕೊಟ್ಟು ಹೋದರು. ‘ಆ ದುಡ್ಡಿಗೆ ಇನ್ನಷ್ಟು ಸೇರಿಸಿದ್ರೆ ಹೊಸದೇ ಬರುತ್ತೆ ಕಣ್ರೀ’ ಎಂದು ಹಿರಿಯರು ನನ್ನ ಕಡೆ ತಿರುಗಿ ಅಲವತ್ತುಕೊಂಡರು.

ರಿಪೇರಿಯವರು ಯಂತ್ರವನ್ನು ಒಂದು ಸುತ್ತು ತಿರುಗಿಸಿ ನೋಡಿ, ‘ಬೋರ್ಡಿಗೆ ಏನೂ ಆಗಿಲ್ಲ ಸಾರ್, ಇದಕ್ಕೆ ಕಣ್ಣು ಕಾಣ್ತಿಲ್ಲ ಅಷ್ಟೆ’ ಎಂದರು.

ಪ್ಲಗ್ ಕಿತ್ತಿಟ್ಟು, ಯಂತ್ರದ ಪಕ್ಕದಲ್ಲಿದ್ದ ಬೆರಳಗಲದ ಮುಚ್ಚಳವನ್ನು ಉಗುರಿನಿಂದ ಎಬ್ಬಿಸಿದರು. ಒಳಗೆ ಬೆಂಕಿಪೊಟ್ಟಣದಷ್ಟು ದೊಡ್ಡ ತಗಡಿನ ಡಬ್ಬಿ. ಅದರ ಬಾಯಿಗೆ ಬೂದು ಬಣ್ಣದ ಜೂಲು ಕಟ್ಟಿತ್ತು. ಅದನ್ನು ಮೆತ್ತನೆಯ ಬ್ರಷ್‌ನಿಂದ ಒರೆಸಿ, ಒಣ ಇಯರ್ ಬಡ್ ಒಂದನ್ನು ಒಳಗೆ ತೂರಿಸಿ ಕಡಲೆಕಾಳಿಗಿಂತ ಚಿಕ್ಕದಾದ ಗಾಜಿನ ಮೇಲೆ ನಿಧಾನವಾಗಿ ತಿರುಗಿಸಿದರು. ಬಿಳಿ ಹತ್ತಿ ಕಪ್ಪಾಗಿ ಹೊರಗೆ ಬಂತು. ಇನ್ನೊಂದು ಬಡ್‌ನಲ್ಲಿ ಮತ್ತೆ ಒರೆಸಿ, ಮುಚ್ಚಳ ಹಾಕಿ, ಪ್ಲಗ್ ಸಿಕ್ಕಿಸಿದರೆ ಕೆಂಪು ಹೋಗಿ ಹಳದಿ, ಆಮೇಲೆ ಹಸಿರು. ಫ್ಯಾನು ಸದ್ದಡಗಿಸಿತು.

ಅಲ್ಲಿಗೆ ಅವರು ಬಿಡಲಿಲ್ಲ. ಡ್ರಾಯರ್‌ನಿಂದ ಊದುಬತ್ತಿ ತೆಗೆದು ಹಚ್ಚಿ, ಯಂತ್ರದಿಂದ ಮಾರು ದೂರದಲ್ಲಿ ಹಿಡಿದರು. ಪರದೆಯ ಮೇಲಿನ ಅಂಕಿ ಸರಸರನೆ ನೂರು ದಾಟಿತು, ಇನ್ನೂರು ದಾಟಿತು. ಬತ್ತಿಯನ್ನು ಟೀ ಲೋಟದಲ್ಲಿ ಅದ್ದಿ ಆರಿಸಿದ ಮೇಲೆ ನಿಧಾನವಾಗಿ ಇಳಿಯಿತು. ‘ಏರಬೇಕು, ಇಳೀಬೇಕು. ಎರಡೂ ಆದ್ರೆ ಕಣ್ಣು ಸರಿ ಇದೆ ಅಂತ. ಅಂಕಿ ಒಂದೇ ಕಡೆ ನಿಂತುಬಿಟ್ರೆ ಸೆನ್ಸರ್ ಬದಲಾಯಿಸಬೇಕು. ಆಗ್ಲೂ ಬೋರ್ಡ್ ಅಲ್ಲ.’ ಹಿರಿಯರು ಬೋರ್ಡಿನ ಎಸ್ಟಿಮೇಟ್ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಸೇರಿಸಿದರು.

ಆ ತಗಡಿನ ಡಬ್ಬಿಯ ಮೇಲೆ ನನಗೆ ಅಂದಿನಿಂದ ಮೋಹ. ಒಳಗಿರುವುದು ಸಣ್ಣದೊಂದು ಲೇಸರ್, ಅದಕ್ಕೆ ಅಡ್ಡಲಾಗಿ ಬೆಳಕು ಗ್ರಹಿಸುವ ಒಂದು ಫೋಟೊಡಯೋಡ್, ಗಾಳಿ ಎಳೆದುಕೊಳ್ಳಲು ಹೆಬ್ಬೆಟ್ಟಿನ ಗಾತ್ರದ ಫ್ಯಾನು. ಲೇಸರ್ ಕಿರಣ ನೇರವಾಗಿ ಡಯೋಡಿಗೆ ತಾಗುವುದಿಲ್ಲ. ಕಿರಣದ ದಾರಿಯಲ್ಲಿ ದೂಳಿನ ಕಣ ಹಾದುಹೋದಾಗ ಬೆಳಕು ಚದುರಿ ಒಂದು ಮಿಂಚು ಅತ್ತ ಬೀಳುತ್ತದೆ. ಮಿಂಚು ಎಷ್ಟು, ಎಷ್ಟು ಜೋರು ಎಂಬ ಲೆಕ್ಕದಿಂದ ಯಂತ್ರ ಗಾಳಿಯ ಅತಿಸೂಕ್ಷ್ಮ ಕಣಗಳ ಅಳತೆಯಾದ ಪಿಎಂ 2.5 ಅಂಕಿಯನ್ನು ಅಂದಾಜು ಮಾಡುತ್ತದೆ. ಅಂದಾಜೇ, ತೂಕವಲ್ಲ. ಬೆಳಕು ಚದುರುವುದು ಎಂದ ಕೂಡಲೇ ನಮಗೆ ಸರ್ ಸಿ.ವಿ. ರಾಮನ್ ನೆನಪಾಗುತ್ತಾರೆ. ಆದರೆ ಇದು ರಾಮನ್ ಪರಿಣಾಮವಲ್ಲ, ಇಲ್ಲಿ ಬೆಳಕಿನ ಬಣ್ಣ ಬದಲಾಗುವುದಿಲ್ಲ. ಹಂಚಿನ ಮನೆಯ ಬೆಳಕಿಂಡಿಯಿಂದ ಇಳಿದ ಬಿಸಿಲುಕೋಲಿನಲ್ಲಿ ದೂಳು ಕುಣಿಯುವುದನ್ನು ನೋಡಿದವರೆಲ್ಲ ಈ ಸೆನ್ಸರ್ ಕೆಲಸ ಮಾಡುವುದನ್ನು ನೋಡಿದ್ದಾರೆ.

ಹತ್ತನೇ ತರಗತಿಯ ಪುಸ್ತಕದಲ್ಲಿ ಇದನ್ನೇ ಟಿಂಡಲ್ ಪರಿಣಾಮ ಎಂದು ಓದಿರುತ್ತೇವೆ. ಎರಡು ಅಂಕದ ಪ್ರಶ್ನೆಗೆ ಉತ್ತರ ಬರೆದು ಮರೆತೂ ಇರುತ್ತೇವೆ. ಆ ಜಾನ್ ಟಿಂಡಲ್ ಐರ್ಲೆಂಡಿನಲ್ಲಿ ಹುಟ್ಟಿದವರು, ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಪ್ರಾಧ್ಯಾಪಕರಾಗಿದ್ದವರು. 1870ರಲ್ಲಿ ಅವರು ದೂಳು ಮತ್ತು ರೋಗದ ಬಗ್ಗೆ ಉಪನ್ಯಾಸ ಕೊಟ್ಟರು. ಅವರ ಪ್ರಯೋಗ ಹೀಗಿತ್ತು: ಕತ್ತಲ ಕೋಣೆಯಲ್ಲಿ ವಿದ್ಯುದ್ದೀಪದ ಕಿರಣವೊಂದನ್ನು ಹಾಯಿಸಿ, ಗಾಜಿನ ಕೊಳವೆಯ ಮೂಲಕ ಅದಕ್ಕೆ ಅಡ್ಡಲಾಗಿ ಉಸಿರು ಬಿಡುವುದು. ಮೊದಲು ಬಂದ ಉಸಿರಿನಲ್ಲಿ ಕಿರಣ ಬೆಳಗುತ್ತಲೇ ಇತ್ತು. ಉಸಿರು ಮುಗಿಯುವ ಹೊತ್ತಿಗೆ, ಅಂದರೆ ಶ್ವಾಸಕೋಶದ ಆಳದ ಗಾಳಿ ಹೊರಬಂದಾಗ, ಕಿರಣದ ನಡುವೆ ಕಪ್ಪು ತೂತು ಬಿದ್ದಂತೆ ಕಂಡಿತು. ಚದುರಿಸಲು ಆ ಗಾಳಿಯಲ್ಲಿ ದೂಳೇ ಇರಲಿಲ್ಲ. ಒಳಗೆ ಹೋದ ದೂಳು ಒಳಗೇ ಉಳಿದಿತ್ತು! ಮಾಲಿನ್ಯದ ಕುರಿತು ಇಷ್ಟು ಚಿಕ್ಕದಾದ, ಇಷ್ಟು ಭಯ ಹುಟ್ಟಿಸುವ ಪ್ರಯೋಗ ಇನ್ನೊಂದನ್ನು ನಾನು ಓದಿಲ್ಲ. ಬಾಯಿಗೆ ಒಂದು ಹಿಡಿ ಹತ್ತಿ ಒತ್ತಿಕೊಂಡು ಉಸಿರೆಳೆದುಕೊಂಡರೆ, ಬಿಡುವ ಉಸಿರಿನಲ್ಲಿ ಕಿರಣ ಮೊದಲಿನಿಂದಲೇ ಕಪ್ಪು ಎಂಬುದನ್ನೂ ಅವರು ತೋರಿಸಿದರು.

ಇಲ್ಲಿಗೇ ನಿಲ್ಲಿಸಿದ್ದರೆ ಅವರು ಬರೀ ಪಾಠದ ಟಿಂಡಲ್ ಆಗಿರುತ್ತಿದ್ದರು. ಮುಂದಿನ ಕೆಲವೇ ವರ್ಷಗಳಲ್ಲಿ ಅವರು ಅಗ್ನಿಶಾಮಕ ದಳದವರಿಗಾಗಿ ಉಸಿರಾಟದ ಮುಖಗವಸೊಂದನ್ನು ರೂಪಿಸಿದರು. ಗ್ಲಿಸರಿನ್‌ನಲ್ಲಿ ತೇವ ಮಾಡಿದ ಹತ್ತಿ ಹೊಗೆಯ ಕಣಗಳನ್ನು ಹಿಡಿಯುತ್ತಿತ್ತು, ಇದ್ದಿಲು ಅನಿಲಗಳನ್ನು ಹೀರುತ್ತಿತ್ತು. ಇಂದಿನ ಪ್ಯೂರಿಫೈಯರ್ ಬಿಚ್ಚಿ ನೋಡಿ: ಎಳೆಗಳ ಪದರ, ಇದ್ದಿಲಿನ ಪದರ, ದೂಳು ತೋರಿಸುವ ಕಿರಣ. ಮೂರೂ ಒಬ್ಬನೇ ಮನುಷ್ಯನ ಮೇಜಿನ ಮೇಲೆ ನೂರೈವತ್ತು ವರ್ಷದ ಹಿಂದೆ ಇದ್ದವು. ಈಚಿನವರು ಸೇರಿಸಿದ್ದು ಫ್ಯಾನು ಮತ್ತು ಮೊಬೈಲ್ ಆ್ಯಪ್ ಅಷ್ಟೆ ಎಂದು ನಾನು ಹೇಳಿದರೆ ಎಂಜಿನಿಯರ್ ಮಿತ್ರರು ಜಗಳಕ್ಕೆ ಬರುತ್ತಾರೆ.

ಅವರ ಪಾಲಿಗೂ ನ್ಯಾಯ ಸಲ್ಲಬೇಕು. ಹೆಪಾ ಎಂಬ ಸೂಕ್ಷ್ಮ ಫಿಲ್ಟರ್ ರೂಪುಗೊಂಡದ್ದು 1940ರ ದಶಕದಲ್ಲಿ, ಅಮೆರಿಕದ ಅಣುಬಾಂಬ್ ಯೋಜನೆಯಲ್ಲಿ ವಿಕಿರಣಶೀಲ ಕಣಗಳನ್ನು ತಡೆಯಲಿಕ್ಕಾಗಿ. 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇ 99.97ರಷ್ಟನ್ನು ಹಿಡಿಯಬೇಕೆಂಬ ಅಳತೆ ಆ ಪರಂಪರೆಯದೇ. ನಮ್ಮಲ್ಲಿ ಪ್ಯೂರಿಫೈಯರ್ ಮನೆಮಾತಾದದ್ದು ದಿಲ್ಲಿಯಿಂದ. 2015ರಲ್ಲಿ ರಾಷ್ಟ್ರೀಯ ವಾಯು ಗುಣಮಟ್ಟ ಸೂಚ್ಯಂಕ ಬಂತು, 2016ರ ನವೆಂಬರ್‌ನ ದಟ್ಟ ಹೊಗೆಮಂಜು ಕಂಡಿತು, ಆಮೇಲೆ ಪ್ರತಿ ದೀಪಾವಳಿಗೂ ಪ್ಯೂರಿಫೈಯರ್ ಜಾಹೀರಾತು. ದಿನದ ಸರಾಸರಿ ಪಿಎಂ 2.5ಕ್ಕೆ ನಮ್ಮ ಮಿತಿ ಘನ ಮೀಟರ್‌ಗೆ 60 ಮೈಕ್ರೊಗ್ರಾಂ, ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿಯಲ್ಲಿ 15.

ಮತ್ತೆ ಆ ತಗಡಿನ ಡಬ್ಬಿಗೆ ಬರೋಣ. ಸೆನ್ಸರ್ ಸುಳ್ಳು ಹೇಳಲು ದೂಳೇ ಬೇಕೆಂದಿಲ್ಲ. ಅದಕ್ಕೆ ನೀರಹನಿಗೂ ಹೊಗೆಗೂ ಭೇದ ತಿಳಿಯದು. ಚುಮುಚುಮು ಚಳಿಯ ಬೆಳಗ್ಗೆ ಮಂಜು ಒಳನುಗ್ಗಿದರೆ ಅಂಕಿ ಏರುತ್ತದೆ. ಅಡುಗೆಮನೆಯಲ್ಲಿ ಒಣಮೆಣಸಿನಕಾಯಿ ಒಗ್ಗರಣೆ ಚಟಗುಟ್ಟಿದರೆ ಏರುತ್ತದೆ (ಇದು ಸುಳ್ಳಲ್ಲ, ಆ ಘಾಟೂ ಕಣವೇ). ಬೋರ್‌ವೆಲ್ಲಿನ ಗಡಸು ನೀರನ್ನು ಅಲ್ಟ್ರಾಸಾನಿಕ್ ಹ್ಯೂಮಿಡಿಫೈಯರ್‌ಗೆ ಹಾಕುವ ಮನೆಗಳಲ್ಲಂತೂ ನೀರಿನ ಲವಣ ಬಿಳಿ ದೂಳಾಗಿ ಹಾರಿ, ಎರಡೂ ಯಂತ್ರಗಳು ರಾತ್ರಿಯಿಡೀ ಒಂದರ ವಿರುದ್ಧ ಒಂದು ದುಡಿಯುತ್ತವೆ. ಕೆಂಪು ದೀಪ ಕಂಡಾಗ ಮೊದಲು ಸುತ್ತಮುತ್ತ ನೋಡಬೇಕು, ಆಮೇಲೆ ಯಂತ್ರದೊಳಗೆ.

ಕೆಂಪು ದೀಪ ಬೇರೆ, ದೋಷದ ಚಿಹ್ನೆ ಬೇರೆ ಎಂಬುದೂ ತಿಳಿದಿರಲಿ. ಕೆಂಪು ಎಂದರೆ ಗಾಳಿ ಕೆಟ್ಟಿದೆ ಎಂದು ಯಂತ್ರ ನಂಬಿದೆ. ದೋಷದ ಚಿಹ್ನೆ ಎಂದರೆ ತನ್ನದೇ ಯಾವುದೋ ಅಂಗದಿಂದ ಅದಕ್ಕೆ ಉತ್ತರ ಬರುತ್ತಿಲ್ಲ. ಯಾವ ಅಕ್ಷರಕ್ಕೆ ಯಾವ ಅಂಗ ಎಂಬುದು ಕಂಪನಿಗೊಂದು, ಮಾಡೆಲ್‌ಗೊಂದು. ಅದಕ್ಕೆ ಕೈಪಿಡಿಯೇ ಗತಿ. ಅದು ಕಳೆದಿದ್ದರೆ ತಳದ ಸ್ಟಿಕ್ಕರ್‌ನಲ್ಲಿರುವ ಮಾಡೆಲ್ ಸಂಖ್ಯೆ ಹಾಕಿ ಇಳಿಸಿಕೊಳ್ಳಬಹುದು. ಸಿಡಿಲು, ಕರೆಂಟು ಹೋಗಿಬರುವ ಆಟದ ನಂತರ ಬಂದ ಚಿಹ್ನೆಯಾದರೆ ಪ್ಲಗ್ ಕಿತ್ತು ಒಂದಷ್ಟು ಹೊತ್ತು ಬಿಟ್ಟು ಹಾಕಿ ನೋಡಿ. ಬರೀ ಸ್ವಿಚ್ ಆರಿಸಿದರೆ ಸಾಲದು. ಫಿಲ್ಟರ್ ಒರೆಸಿದ ಮೇಲೆ ಬಂದದ್ದಾದರೆ ಹಿಂಬದಿಯ ಮುಚ್ಚಳ ‘ಟಕ್’ ಎನ್ನುವಂತೆ ಕೂತಿದೆಯೇ ನೋಡಿ. ಅದರ ಹಿಂದೆ ಪುಟ್ಟ ಸ್ವಿಚ್ಚೋ ಅಯಸ್ಕಾಂತವೋ ಇರುತ್ತದೆ, ಅದು ಒತ್ತದಿದ್ದರೆ ಯಂತ್ರ ಹಟ ಹಿಡಿದು ಕೂರುತ್ತದೆ.

ಫ್ಯಾನಿನ ದೋಷ ಸ್ವಲ್ಪ ಮಜವಾದದ್ದು. ಈಗಿನ ಬಿಎಲ್‌ಡಿಸಿ (ಬ್ರಷ್ ಇಲ್ಲದ ಡಿಸಿ) ಮೋಟರಿಗೆ ಕರೆಂಟಿನ ತಂತಿಗಳಲ್ಲದೆ ಇನ್ನೆರಡು ತಂತಿ ಇರುತ್ತವೆ. ‘ಇಷ್ಟು ಜೋರಾಗಿ ತಿರುಗು’ ಎನ್ನುವುದು ಒಂದು, ‘ಇಷ್ಟು ತಿರುಗಿದೆ’ ಎಂದು ವರದಿ ಒಪ್ಪಿಸುವುದು ಇನ್ನೊಂದು. ಆಜ್ಞೆಗೂ ವರದಿಗೂ ತಾಳೆಯಾಗದಿದ್ದರೆ ಬೋರ್ಡು ಮೋಟರ್ ನಿಲ್ಲಿಸಿ ಚಿಹ್ನೆ ತೋರಿಸುತ್ತದೆ. ಹಾಗಾಗಿ ಫ್ಯಾನ್ ದೋಷ ಎಂದ ಮಾತ್ರಕ್ಕೆ ಮೋಟರ್ ಸುಟ್ಟಿತೆಂದಲ್ಲ. ಎಸ್.ಪಿ. ರಸ್ತೆಯ ಆ ಮೇಜಿನ ಡ್ರಾಯರ್‌ನಲ್ಲಿ ಇಂಥ ಫ್ಯಾನುಗಳಿಂದ ತೆಗೆದ ವಸ್ತುಗಳ ಪ್ರದರ್ಶನವೇ ಇತ್ತು: ಅಚ್ಚಿಗೆ ಸುತ್ತಿಕೊಂಡ ಉದ್ದ ಕೂದಲಿನ ಸಿಂಬೆ, ರಬ್ಬರ್ ಬ್ಯಾಂಡು, ಸೀಸದಕಡ್ಡಿಯ ತುಂಡು, ಐದು ರೂಪಾಯಿ ನಾಣ್ಯ, ಮತ್ತೆ ಒಣಗಿ ಕಾಗದದಂತಾದ ಒಂದು ಹಲ್ಲಿ. ಬೆಚ್ಚಗಿನ ಜಾಗ ಎಂದು ಬಂದಿತ್ತೇನೋ ಪಾಪ. ‘ಇದನ್ನ ಯಾಕೆ ಇಟ್ಕೊಂಡಿದ್ದೀರಿ?’ ಎಂದರೆ, ‘ಕಸ್ಟಮರ್ ನಂಬಲ್ಲ ಸಾರ್, ತೋರಿಸಬೇಕು’ ಎಂದರು.

ಇನ್ನು ಫಿಲ್ಟರ್ ದೀಪ. ಇದರ ಬಗ್ಗೆ ನನಗೆ ಗುಮಾನಿ, ಮುಚ್ಚಿಡುವುದಿಲ್ಲ. ಬಹಳಷ್ಟು ಯಂತ್ರಗಳಲ್ಲಿ ಅದು ಫಿಲ್ಟರನ್ನು ನೋಡುವುದೇ ಇಲ್ಲ, ಗಂಟೆ ಎಣಿಸುತ್ತದೆ. ದಿನಕ್ಕೆ 12 ಗಂಟೆಯಂತೆ ವರ್ಷಕ್ಕೆ 4,380 ಗಂಟೆ ಎಂಬ ಮಾದರಿಯ ಲೆಕ್ಕ. ಮಡಿಕೇರಿಯ ಮನೆಯಲ್ಲಿ ಓಡಿದರೂ ಅಷ್ಟೇ, ಮೆಟ್ರೊ ಕಾಮಗಾರಿಯ ಪಕ್ಕದ ಫ್ಲ್ಯಾಟಿನಲ್ಲಿ ಓಡಿದರೂ ಅಷ್ಟೇ. ಕೆಲವು ಕಂಪನಿಗಳು ಫಿಲ್ಟರಿಗೇ ಚಿಪ್ ಅಂಟಿಸಿ, ಓಡಿದ ಲೆಕ್ಕವನ್ನು ಅದರಲ್ಲೇ ಬರೆದಿಡುತ್ತವೆ. ಬೇರೆಯವರು ಮಾಡಿದ ಅಗ್ಗದ ಫಿಲ್ಟರ್ ಹಾಕಿದರೆ ಯಂತ್ರ ಗುರುತೇ ಸಿಗದವರಂತೆ ಎಚ್ಚರಿಕೆ ಕೊಡುತ್ತದೆ. ಸುರಕ್ಷತೆಗಾಗಿ ಎನ್ನುತ್ತಾರೆ. ಇರಬಹುದು.

ಹಾಗೆಂದು ಫಿಲ್ಟರ್ ಬದಲಾಯಿಸುವುದೇ ಬೇಡ ಎಂದಲ್ಲ. ದೀಪ ಹತ್ತಿದಾಗ ಹೊರತೆಗೆದು ಬೆಳಕಿಗೆ ಹಿಡಿದು ನೋಡಿ. ಮಡಿಕೆಗಳು ಕಡುಬೂದು ಬಣ್ಣಕ್ಕೆ ತಿರುಗಿ, ಗಾಳಿಯ ರಭಸ ಕುಗ್ಗಿ, ಕಮಟು ವಾಸನೆ ಬರುತ್ತಿದ್ದರೆ ಅದರ ಕಾಲ ಮುಗಿಯಿತು. ಹೊಸದು ಹಾಕಿದ ಮೇಲೆ ರೀಸೆಟ್ ಬಟನ್ ಒತ್ತಿ ಹಿಡಿಯದಿದ್ದರೆ ದೀಪ ಆರುವುದಿಲ್ಲ. ಅದೂ ‘ಬೋರ್ಡ್ ಹೋಗಿದೆ’ಯ ಪಟ್ಟಿಗೆ ಸೇರುತ್ತದೆ. ಹೊಸ ಫಿಲ್ಟರಿಗೆ ಸುತ್ತಿದ ಪ್ಲಾಸ್ಟಿಕ್ ಚೀಲ ತೆಗೆಯದೆಯೇ ಯಂತ್ರ ಓಡಿಸುವವರು ನಾವೆಣಿಸುವುದಕ್ಕಿಂತ ಹೆಚ್ಚಂತೆ. ಫ್ಯಾನು ಉಸಿರುಕಟ್ಟಿ ಗೋಳಾಡುವುದು ಆಗಲೇ.

ದಯವಿಟ್ಟು ಹೆಪಾ ಫಿಲ್ಟರನ್ನು ನಲ್ಲಿಯ ಕೆಳಗೆ ಹಿಡಿಯಬೇಡಿ. ಮನೆಯ ಯಂತ್ರಗಳಲ್ಲಿ ಹೆಚ್ಚಾಗಿ ಇರುವುದು ಪಾಲಿಪ್ರೊಪಿಲೀನ್ ಎಳೆಗಳ ಹಾಸು, ಎನ್‌95 ಮಾಸ್ಕ್‌ನ ಬಂಧು. ಎಳೆಗಳಿಗೆ ಕೊಟ್ಟ ವಿದ್ಯುದಾವೇಶದ ಸೆಳೆತದಿಂದಲೂ ಅದು ಕಣಗಳನ್ನು ಹಿಡಿಯುತ್ತದೆ. ಸೋಪು ನೀರಿನಲ್ಲಿ ತಿಕ್ಕಿದರೆ ಆವೇಶ ಇಳಿಯುತ್ತದೆ, ಎಳೆ ಹರಿಯುತ್ತದೆ. ನೋಡಲು ಬೆಳ್ಳಗೆ, ಕೆಲಸಕ್ಕೆ ಬಾರದ್ದು. ತೊಳೆಯಬಹುದಾದದ್ದು ಹೊರಗಿನ ಜಾಲರಿ ಮಾತ್ರ, ಅದೂ ಕೈಪಿಡಿ ಒಪ್ಪಿದರೆ, ಪೂರ್ತಿ ಒಣಗಿಸಿ.

ಇಯರ್ ಬಡ್ ವೈದ್ಯಕ್ಕೂ ಗಡಿಯಿದೆ. ಸೆನ್ಸರ್‌ನ ಮುಚ್ಚಳ ತೆಗೆಯುವ ಮುಂಚೆ ಪ್ಲಗ್ ಹೊರಗಿರಬೇಕು. ಉರಿಯುವ ಲೇಸರಿನೊಳಗೆ ಇಣುಕಬಾರದು, ಒದ್ದೆ ಬಟ್ಟೆ ಸಲ್ಲದು. ಸುಟ್ಟ ವಾಸನೆ ಬಂದರೆ, ಪ್ಲಗ್ ಬಿಸಿಯಾದರೆ, ಒಳಗೆ ಚಟ್ ಚಟ್ ಕಿಡಿಯ ಸದ್ದು ಕೇಳಿದರೆ ಅಲ್ಲಿಗೆ ಮನೆಮದ್ದು ನಿಲ್ಲಿಸಿ. ಅಯಾನೈಜರ್ ಇರುವ ಯಂತ್ರಗಳಲ್ಲಿ ಸಾವಿರಾರು ವೋಲ್ಟ್ ಇರುತ್ತದೆ, ಸ್ಕ್ರೂ ಬಿಚ್ಚುವ ಹುಮ್ಮಸ್ಸು ಬೇಡ. ವಾರಂಟಿ ಇದ್ದರಂತೂ ಸ್ಕ್ರೂಡ್ರೈವರ್ ಡಬ್ಬಿಯಲ್ಲೇ ಇರಲಿ.

ಹೊಸದಾಗಿ ಕೊಳ್ಳುವವರು ಅಂಗಡಿಯಲ್ಲಿ ಆ್ಯಪ್‌ನ ಅಂದಚೆಂದ ನೋಡುತ್ತ ನಿಲ್ಲುವ ಬದಲು ಎರಡು ಪ್ರಶ್ನೆ ಕೇಳಿ: ಬದಲಿ ಫಿಲ್ಟರಿಗೆ ಎಷ್ಟು, ಮತ್ತು ಸೆನ್ಸರ್ ಒರೆಸಲು ಹೊರಗಿನಿಂದಲೇ ಮುಚ್ಚಳ ತೆಗೆಯಬಹುದೇ. ಎರಡನೆಯದಕ್ಕೆ ಮಾರುವವರು ತಡವರಿಸಿದರೆ ಮಾದರಿ ಯಂತ್ರವನ್ನು ನೀವೇ ತಿರುಗಿಸಿ ಆ ಬೆರಳಗಲದ ಮುಚ್ಚಳ ಹುಡುಕಿ. ಅದಿಲ್ಲದ ಯಂತ್ರ ನನ್ನ ಮಟ್ಟಿಗೆ ಕೊಳ್ಳಲು ಯೋಗ್ಯವಲ್ಲ.