ಸ್ವರ್ಗದ ಗೇರುಗುಡ್ಡೆ, ಹೊಸದುರ್ಗದ ಮುನ್ಸಿಫ್ ಕೋರ್ಟು

ಪೆರ್ಲದಲ್ಲಿ ಬಸ್ಸಿಳಿದು ಪಾಣಾಜೆ ಕಡೆಯ ದಾರಿ ಹಿಡಿದರೆ ಸ್ವರ್ಗ, ಪಡ್ರೆ, ವಾಣಿನಗರ ಎಲ್ಲ ಅಕ್ಕಪಕ್ಕದಲ್ಲೇ. ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತು ಇದು. ಸರಕಾರ ಕೇರಳದ್ದು, ಅಂಗಡಿ ಜಗಲಿಯ ಮಾತು ತುಳು, ಕನ್ನಡ, ಹವ್ಯಕ, ಮಲಯಾಳ ಎಲ್ಲ ಸೇರಿದ್ದು. ಎಂಡೋಸಲ್ಫಾನ್ ಎಂಬ ಕೀಟನಾಶಕದ ಹೆಸರು ಮಾತ್ರ ನಾಲ್ಕರಲ್ಲೂ ಒಂದೇ.

ಈ ಜಾಗದ ಏರುತಗ್ಗು ನೋಡಿದರೆ ಅರ್ಧ ಕತೆ ತಿಳಿಯುತ್ತದೆ. ಮೇಲೆ ಮುರಕಲ್ಲಿನ ಗುಡ್ಡೆ, ಅದರ ತುಂಬ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು. ಕೆಳಗೆ ಅಡಕೆ ತೋಟ, ಮನೆ, ತೋಡು. ನಡುವೆ, ಗುಡ್ಡೆಯ ಮೈಗೆ ಅಡ್ಡಲಾಗಿ ಕೊರೆದ ಸುರಂಗಗಳು. ಒಂದು ಮನೆಯ ಹಿಂದಿನ ಸುರಂಗದ ಬಾಯಿಗೆ ಹೋಗಿ ನಿಂತೆ. ಒಬ್ಬ ಬಗ್ಗಿ ನುಗ್ಗುವಷ್ಟೇ ಎತ್ತರ. ಬಾಯಿಯ ಸುತ್ತ ಜರೀಗಿಡ. ಒಳಗಿನ ಮಣ್ಣಿನ ಕಟ್ಟೆಗೆ ಸಿಕ್ಕಿಸಿದ ಪೈಪಿನಿಂದ ಬೆರಳು ಗಾತ್ರದ ನೀರು ಟಾಂಕಿಗೆ ಬೀಳುತ್ತಿತ್ತು. ಪಂಪು ಬೇಡ, ಕರೆಂಟು ಬೇಡ. ಗುಡ್ಡೆಯ ಮೇಲೆ ಬಿದ್ದದ್ದು ಕಲ್ಲಿನೊಳಗೆ ಇಳಿದು ಇಲ್ಲಿ ಬರುತ್ತದೆ. ಏನು ಬಿದ್ದರೂ.

ಬಿದ್ದದ್ದು ಬರೀ ಮಳೆಯಲ್ಲ. 1970ರ ದಶಕದ ಕೊನೆಯಿಂದ 2000ದ ತನಕ ಗೇರು ಚಿಗುರಿದಾಗಲೆಲ್ಲ ಹೆಲಿಕಾಪ್ಟರ್ ಬಂದು, ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲೆಂದು ಎಂಡೋಸಲ್ಫಾನ್ ಎರಚುತ್ತಿತ್ತು. ಮರಗಳ ನೆತ್ತಿಯಿಂದ ಎರಡು ಮೂರು ಮೀಟರಿಗಿಂತ ಮೇಲೆ ಹಾರಬಾರದು ಎಂಬ ನಿಯಮವಿತ್ತು. ಈ ಏರುತಗ್ಗಿನಲ್ಲಿ ಹಾಗೆ ಹಾರುವುದು ಯಾವ ಪೈಲಟಿಗೆ ಸಾಧ್ಯವೋ, ನಿಯಮ ಬರೆದವರೇ ಹೇಳಬೇಕು. ಬಾವಿ ಮುಚ್ಚಿಕೊಳ್ಳಿ ಎಂಬ ಸೂಚನೆಯೂ ಇತ್ತು. ಬಾವಿಗೇನೋ ಮಡಲು ಹಾಸಬಹುದು. ತೋಡಿಗೆ? ಸುರಂಗದ ನೆತ್ತಿಯ ಮೇಲಿರುವ ಇಡೀ ಗುಡ್ಡೆಗೆ?

ಹುಟ್ಟಿದ ಕರುಗಳ ಕಾಲು ಸೊಟ್ಟಗಿರುವುದನ್ನು ಪತ್ರಕರ್ತ ಶ್ರೀಪಡ್ರೆ 1970ರ ದಶಕದ ಕೊನೆಯಲ್ಲೇ ಬರೆದಿದ್ದರು. ವಾಣಿನಗರದ ವೈದ್ಯ ಡಾ. ವೈ.ಎಸ್. ಮೋಹನ್ ಕುಮಾರ್ ಇಷ್ಟು ಸಣ್ಣ ಊರಿನಲ್ಲಿ ಇಷ್ಟೊಂದು ಕಾಯಿಲೆ ಯಾಕೆ ಎಂದು ಕೇಳತೊಡಗಿದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಇಲ್ಲಿನ ಶಾಲಾಮಕ್ಕಳನ್ನು ಸಿಂಪಡಣೆಯಿಲ್ಲದ ಮೀಂಜ ಪಂಚಾಯತಿನ ಮಕ್ಕಳೊಂದಿಗೆ ಹೋಲಿಸಿ, ಇಲ್ಲಿನ ಗಂಡುಮಕ್ಕಳ ಲೈಂಗಿಕ ಬೆಳವಣಿಗೆ ತಡವಾಗಿದೆ ಎಂದರು. ಸಂಬಂಧ ಸಾಬೀತಾಗಿಲ್ಲ ಎಂದ ಸಮಿತಿಗಳೂ ಇದ್ದವು. ಆ ಜಗಳ ವರ್ಷಗಟ್ಟಲೆ ನಡೆಯಿತು.

ಅದು ಮುಗಿಯುವುದನ್ನು ಕಾಯದೆ ಕೋರ್ಟಿಗೆ ಹೋದವರು ಲೀಲಾಕುಮಾರಿ ಅಮ್ಮ. ಜಿಲ್ಲೆಯ ದಕ್ಷಿಣದ ಪೆರಿಯದಲ್ಲಿ ಕೃಷಿ ಇಲಾಖೆಯ ನೌಕರಿ, ಗೇರುತೋಟದ ಪಕ್ಕದಲ್ಲೇ ಮನೆ. 1998ರಲ್ಲಿ ಅವರು ತಟ್ಟಿದ್ದು ಅದೇ ಜಿಲ್ಲೆಯ ಹೊಸದುರ್ಗದ ಮುನ್ಸಿಫ್ ಕೋರ್ಟಿನ ಬಾಗಿಲು. ಜಾಗದ ಗಡಿ, ಸಾಲದ ಪತ್ರ ಮುಂತಾದ ತಕರಾರು ಕೇಳುವ ಕೆಳಗಿನ ಮೆಟ್ಟಿಲಿನ ನ್ಯಾಯಾಲಯ. 2000ದ ಅಕ್ಟೋಬರಿನಲ್ಲಿ ಅದೇ ಕೋರ್ಟು ಆಕಾಶದಿಂದ ಸಿಂಪಡಿಸುವುದಕ್ಕೆ ಕಾಯಂ ತಡೆ ಹಾಕಿತು. ದೇಶವ್ಯಾಪಿ ತಡೆಗೆ ಎಡಪಕ್ಷದ ಯುವಜನ ಸಂಘಟನೆ ಡಿವೈಎಫ್‌ಐ ಹಾಕಿದ ಅರ್ಜಿಯ ಮೇಲೆ 2011ರ ಮೇ 13ರಂದು ಸುಪ್ರೀಂ ಕೋರ್ಟು ಆದೇಶಿಸುವ ತನಕ ಕಾಯಬೇಕಾಯಿತು. ಈ ಹೋರಾಟದಲ್ಲಿ ನನಗೆ ದೊಡ್ಡದಾಗಿ ಕಾಣುವುದು ಆ ಮೊದಲ, ಸಣ್ಣ ತೀರ್ಪು. ಹೆಲಿಕಾಪ್ಟರ್ ನಿಲ್ಲಿಸಲು ಯಾವ ಮಗುವಿಗೆ ಯಾವ ರೋಗ ಯಾತರಿಂದ ಬಂತೆಂದು ಒಬ್ಬೊಬ್ಬರದಾಗಿ ತೀರ್ಮಾನವಾಗಬೇಕಿರಲಿಲ್ಲ.

ಪರಿಹಾರದ ವಿಷಯ ಬಂದಾಗ ಒಬ್ಬೊಬ್ಬರ ಲೆಕ್ಕವೇ ಮುಖ್ಯವಾಯಿತು. "ಆಸರಿಗೆ ಏನಾದರೂ ಬೇಕಾ?" ಎಂದು ಬೆಲ್ಲ, ನೀರು ತಂದಿಟ್ಟ ಆ ಸುರಂಗದ ಮನೆಯ ಅಮ್ಮನ ಮಾತೆಲ್ಲ ಸಂತ್ರಸ್ತರ ಪಟ್ಟಿಯದ್ದೇ. "ಪಟ್ಟಿಯಲ್ಲಿ ಹೆಸರುಂಟಾ ಅಂತ ಎಲ್ಲರೂ ಕೇಳುವುದು ಮಾರಾಯ್ರೇ. ಮಗ ಹೇಗಿದ್ದಾನೆ ಅಂತ ಕೇಳುವವರು ಕಡಿಮೆ." ಮೇಜಿನ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಆಸ್ಪತ್ರೆ ಚೀಟಿ, ಶಿಬಿರದ ಚೀಟಿ, ಅಂಗವೈಕಲ್ಯದ ಸರ್ಟಿಫಿಕೇಟು. 2017ರ ವೈದ್ಯಕೀಯ ಶಿಬಿರ ಗುರುತಿಸಿದ್ದು 1,905 ಮಂದಿಯನ್ನು. ಪಟ್ಟಿ ಹೊರಬಿದ್ದಾಗ ಉಳಿದದ್ದು 287. ತಾಯಂದಿರು ತಿರುವನಂತಪುರದ ಸೆಕ್ರೆಟೇರಿಯಟ್ ಎದುರು ಕೂತ ಮೇಲೆ ಇನ್ನೊಂದಷ್ಟು ಹೆಸರು ಸೇರಿದವು.

ಪಟ್ಟಿಯಲ್ಲಿದ್ದವರ ಪಾಡೂ ಅಷ್ಟರಲ್ಲೇ. ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದು ಸುಪ್ರೀಂ ಕೋರ್ಟು 2017ರ ಜನವರಿಯಲ್ಲಿ ಆದೇಶಿಸಿತ್ತು. 2022ರ ಮೇಯಲ್ಲಿ ನ್ಯಾಯಾಂಗ ನಿಂದನೆ ಅರ್ಜಿ ವಿಚಾರಣೆಗೆ ಬಂದಾಗ 3,704 ಸಂತ್ರಸ್ತರ ಪೈಕಿ ಹಣ ಸಿಕ್ಕಿದ್ದು ಎಂಟೇ ಮಂದಿಗೆ. ಆ ನಿಂದನೆ ಅರ್ಜಿ ಹಾಕಿದವರಿಗೆ. ಆ ಐದು ವರ್ಷ ರಾಜ್ಯ ಆಳುತ್ತಿದ್ದದ್ದು ಡಿವೈಎಫ್‌ಐನ ಮಾತೃಪಕ್ಷ. ಕೋರ್ಟು ಗದರಿದ ಮೇಲೆ ಕಂತೆಕಂತೆಯಾಗಿ ಹಣ ಇಳಿಯಿತು.

ಗಡಿಯ ಈಚೆಗೆ ಕರ್ನಾಟಕದಲ್ಲೂ ಇದೇ ಔಷಧಿ, ಇದೇ ಹೆಲಿಕಾಪ್ಟರ್. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಯವರಿಗೆ ಮಾಸಾಶನ ಸಿಕ್ಕಿದ್ದರ ಹಿಂದೆಯೂ ಹೋರಾಟವಿದೆ, ಕರ್ನಾಟಕ ಹೈಕೋರ್ಟಿದೆ. ಸಿಂಪಡಣೆ ನಿಂತಾಗ ಉಳಿದ ವಿಷವನ್ನು ಗಡಿಯಲ್ಲಿರುವ ಮಿಂಚಿಪದವು ಗುಡ್ಡೆಯ ಬಾವಿಗೆ ಹಾಕಿ ಮುಚ್ಚಿದ್ದಾರೆ ಎಂಬ ದೂರು ಉಡುಪಿಯ ಡಾ. ರವೀಂದ್ರನಾಥ ಶಾನುಭಾಗರಿಂದ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಹೋಯಿತು. ಬಾವಿಯ ಆಚೆ ಕೇರಳದ ಗೇರುತೋಟ, ಈಚೆಯ ಇಳಿಜಾರಿನಲ್ಲಿ ದಕ್ಷಿಣ ಕನ್ನಡದ ಮನೆಗಳು. ಅಲ್ಲಿ ಮಣ್ಣು, ನೀರು ತೆಗೆದು ಪರೀಕ್ಷಿಸುವ ಕೆಲಸ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪಾಲಿಗೆ ಬಂತು.