ಮಲೇರಿಯಾ ಪಾಠ ಮನೆಯ ತೊಟ್ಟಿಯವರೆಗೆ ಬರಲಿ

ಪ್ರತಿವರ್ಷ ಜೂನ್ ತಿಂಗಳನ್ನು ಮಲೇರಿಯಾ ವಿರೋಧಿ ಮಾಸವೆಂದು ಆಚರಿಸಲಾಗುತ್ತದೆ. ಶಾಲೆ ತೆರೆದ ಹೊಸತು. ಮಕ್ಕಳು ಫಲಕ ಹಿಡಿದು ಜಾಥಾ ಹೊರಡುತ್ತಾರೆ, ಘೋಷಣೆ ಕೂಗುತ್ತಾರೆ, ಪ್ರಬಂಧ ಬರೆಯುತ್ತಾರೆ. ಆದರೆ ಆರೋಗ್ಯ ತಪಾಸಣೆಗೆ ಶಾಲೆಗೆ ಹೋದಾಗ, "ಮಲೇರಿಯಾ ಸೊಳ್ಳೆ ಎಲ್ಲಿ ಹುಟ್ಟುತ್ತದೆ?" ಎಂದು ಕೇಳಿ ನೋಡಿದ್ದೇನೆ. ಇಡೀ ತರಗತಿ ಒಂದೇ ದನಿಯಲ್ಲಿ, "ಚರಂಡಿಯಲ್ಲಿ ಸಾರ್" ಎನ್ನುತ್ತದೆ. ಉತ್ತರ ತಪ್ಪು.

ಚರಂಡಿಯ ಕೊಳಕು ನೀರಿನಲ್ಲಿ ಬೆಳೆಯುವುದು ಆನೆಕಾಲು ರೋಗ ಹರಡುವ ಕ್ಯೂಲೆಕ್ಸ್ ಸೊಳ್ಳೆ. ಮಲೇರಿಯಾ ಹರಡುವ ಅನಾಫಿಲಿಸ್‌ಗೆ ಹೆಚ್ಚಾಗಿ ತಿಳಿನೀರೇ ಬೇಕು. ಬಾವಿ, ಕಾಲುವೆ, ಹಳ್ಳದ ಗುಂಡಿ, ಮನೆಯ ಸಿಮೆಂಟ್ ತೊಟ್ಟಿ ಇವೇ ಅದರ ತೊಟ್ಟಿಲು. ಚರಂಡಿಗೆ ಪುಡಿ ಎರಚಿಸಿ ನೆಮ್ಮದಿಯಾಗಿ ಮಲಗುವ ಊರಿನಲ್ಲಿ ಮಲೇರಿಯಾ ಉಳಿದುಕೊಳ್ಳುವುದು ಹೀಗೆ.

ಇನ್ನೊಂದು ತೊಡಕಿದೆ. ಮಕ್ಕಳಿಗೆ ಕಲಿಸುವ ಘೋಷಣೆ "ನೀರು ನಿಲ್ಲಲು ಬಿಡಬೇಡಿ" ಎಂಬುದು. ಹಿರಿಯೂರು ತಾಲ್ಲೂಕಿನ ಯಲ್ಲದಕೆರೆಯಂಥ ಬಯಲುಸೀಮೆಯ ಊರಿನಲ್ಲಿ ಈ ಮಾತನ್ನು ಮನೆಗೆ ತಂದ ಹುಡುಗನಿಗೆ ತಾಯಿ ಏನೆನ್ನಬೇಕು? ನೀರು ಬಂದ ದಿನ ಹಂಡೆ, ಡ್ರಮ್ಮು, ತೊಟ್ಟಿ ತುಂಬಿಸದಿದ್ದರೆ ಮರುದಿನದ ಗತಿಯೇನು? ಆದ್ದರಿಂದ ಇಂಥ ಕಡೆ ಹೇಳಬೇಕಾದದ್ದು ಬೇರೆ: ನೀರು ತುಂಬಿಸಿ, ಆದರೆ ಸೊಳ್ಳೆಗೆ ಒಂದು ವಾರದ ಅವಕಾಶ ಕೊಡಬೇಡಿ.

ಮೊಟ್ಟೆ ಸೊಳ್ಳೆಯಾಗಿ ಹಾರಲು ಬೇಸಿಗೆಯಲ್ಲಿ ಸುಮಾರು ಎಂಟು-ಹತ್ತು ದಿನ ಸಾಕು. ವಾರಕ್ಕೊಮ್ಮೆ ತೊಟ್ಟಿ ಖಾಲಿ ಮಾಡಿ, ಉಜ್ಜಿ, ಒಣಗಿಸಿ ತುಂಬಿಸಿದರೆ ಸರಪಳಿ ಮುರಿಯುತ್ತದೆ. ಉಜ್ಜುವುದರಿಂದ ಪಾತ್ರೆಯ ಗೋಡೆಗೆ ಅಂಟಿರುವ ಡೆಂಗೆ ಸೊಳ್ಳೆಯ ಮೊಟ್ಟೆಯೂ ಹೋಗುತ್ತದೆ. ಖಾಲಿ ಮಾಡಲಾಗದ ಡ್ರಮ್ಮಿಗೆ ಬಟ್ಟೆ ಬಿಗಿದು ಕಟ್ಟಿ. ದೊಡ್ಡ ತೊಟ್ಟಿಗೆ, ಬಾವಿಗೆ ಗಪ್ಪಿ ಮೀನು ಬಿಡಿಸಿ. ಅದು ಸೊಳ್ಳೆಮರಿಗಳನ್ನು ತಿನ್ನುತ್ತದೆ. 2001ರ ಡಿಸೆಂಬರ್‌ನಲ್ಲಿ ನಮ್ಮ ರಾಜ್ಯದ ಮಲೇರಿಯಾಪೀಡಿತ ಜಿಲ್ಲೆಯೊಂದರಲ್ಲಿ ಎರಡು ವಾರ ಸಂಜೆಹೊತ್ತು ಕಲಾಜಾಥಾ ನಡೆಸಿ, ಎರಡು ತಿಂಗಳ ಬಳಿಕ ಜನರನ್ನು ವಿಚಾರಿಸಲಾಯಿತು. ತಿಳಿನೀರಿಗೂ ಮಲೇರಿಯಾ ಸೊಳ್ಳೆಗೂ ಇರುವ ನಂಟು, ಮೀನಿನ ಉಪಯೋಗ ನೋಡಿದವರ ಮನಸ್ಸಿನಲ್ಲಿ ನಿಂತಿದ್ದವು. ಸರಿಯಾದ ಮಾತನ್ನು ಹೇಳಿದರೆ ಜನ ಹಿಡಿದುಕೊಳ್ಳುತ್ತಾರೆ.

ಶಾಲೆಗಳು ವರ್ಷಕ್ಕೊಂದು ಜಾಥಾಕ್ಕಿಂತ ವಾರಕ್ಕೊಂದು ಸಣ್ಣ ಕೆಲಸ ಕೊಟ್ಟರೆ ಹೆಚ್ಚು ಪ್ರಯೋಜನವೆಂದು ನನಗನ್ನಿಸುತ್ತದೆ. ಶನಿವಾರ ಅರ್ಧ ದಿನ ಶಾಲೆ. ಮನೆಗೆ ಬಂದ ಮಗು ತೊಟ್ಟಿಯ ನೀರನ್ನು ಬಿಳಿ ತಟ್ಟೆಯಲ್ಲಿ ತೆಗೆದು ನೋಡಲಿ. ನೀರಿನ ಮೇಲ್ಮೈಗೆ ಸಮನಾಗಿ ಮಲಗಿದ ಮರಿ ಅನಾಫಿಲಿಸ್. ತಲೆ ಕೆಳಗಾಗಿ ಓರೆಯಾಗಿ ನೇತಾಡುವುದು ಬೇರೆ ಜಾತಿಯದು. ಕಂಡದ್ದನ್ನು ಬರೆದು ಸೋಮವಾರ ಮೇಷ್ಟ್ರಿಗೆ ತೋರಿಸಲಿ. ಬಾವಿಗೆ ಮಾತ್ರ ಮಕ್ಕಳನ್ನು ಇಣುಕಲು ಬಿಡಬೇಡಿ. ಅದು ದೊಡ್ಡವರ ಕೆಲಸ.

ರೋಗ ಈಗ ತಗ್ಗಿದೆಯಲ್ಲ, ಇಷ್ಟೆಲ್ಲ ಏಕೆ ಎನ್ನಬಹುದು. ದೇಶದಲ್ಲಿ 1965ರ ಹೊತ್ತಿಗೆ ಸುಮಾರು ಒಂದು ಲಕ್ಷಕ್ಕೆ ಇಳಿದಿದ್ದ ಪ್ರಕರಣಗಳು 1976ರಲ್ಲಿ 64 ಲಕ್ಷಕ್ಕೆ ಏರಿದ್ದವು. ಮಲೇರಿಯಾ ಇರುವ ಊರಿಗೆ ದುಡಿಯಲು ಹೋಗಿ ಬಂದವರ ರಕ್ತದಲ್ಲಿ ರೋಗಾಣುವೂ ಬರಬಹುದು. ಇಲ್ಲಿ ಕಚ್ಚುವ ಸೊಳ್ಳೆಯಿದ್ದರೆ ಮುಗಿಯಿತು.

ಆದ್ದರಿಂದ ಮನೆಯಲ್ಲಿ ಯಾರಿಗೇ ಚಳಿಜ್ವರ ಬಂದರೂ ಅಂದೇ ರಕ್ತಪರೀಕ್ಷೆ ಮಾಡಿಸಿ. ಆಶಾ ಕಾರ್ಯಕರ್ತೆಗೆ ತಿಳಿಸಿದರೂ ಆದೀತು. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ, ಮಾತ್ರೆ ಎರಡೂ ಉಚಿತ. ವೈವಾಕ್ಸ್ ಜಾತಿಯ ರೋಗಾಣು ಯಕೃತ್ತಿನಲ್ಲಿ ಅಡಗಿ ಕುಳಿತು ತಿಂಗಳುಗಳ ನಂತರ ಮತ್ತೆ ಜ್ವರ ತರಬಲ್ಲದು. ಅದನ್ನು ಕೊಲ್ಲುವ ಪ್ರಿಮಾಕ್ವಿನ್ ಮಾತ್ರೆಯನ್ನು 14 ದಿನ ನುಂಗಬೇಕು. ಗರ್ಭಿಣಿಯರಿಗೆ, ಹಸುಳೆಗಳಿಗೆ ಇದು ಕೂಡದು. ವೈದ್ಯರನ್ನು ಕೇಳದೆ ಯಾರೂ ಕೊಳ್ಳಬೇಡಿ. ಮೂರನೆಯ ದಿನ ಜ್ವರ ಬಿಟ್ಟೊಡನೆ ಮಾತ್ರೆ ಬಿಡುವವರೇ ಹೆಚ್ಚು. ಮನೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗುರುತು ಹಾಕಿ, "ಅಪ್ಪಾ, ಇವತ್ತಿನದು ನುಂಗಿದೆಯಾ?" ಎಂದು ಕೇಳುವ ಕೆಲಸವನ್ನು ಐದನೆಯ ತರಗತಿಯ ಮಗಳಿಗೆ ವಹಿಸಿ. ಅವಳು ಬಿಡುವುದಿಲ್ಲ.