ಬಂಡೆಗೆ ಮಾರ್ಕ್ಸು ಕೊಡೋರು ಯಾರು?

ಪರೀಕ್ಷೆಯಲ್ಲಿ ನಮಗೆ ಮೇಷ್ಟ್ರು ಮಾರ್ಕ್ಸು ಕೊಡ್ತಾರೆ. ಬಂಡೆ ಹತ್ತುವ ದಾರಿ ಎಷ್ಟು ಕಷ್ಟ ಅಂತ ಹೇಳೋರು ಯಾರು? ಹತ್ತಿದವರೇ!

ಫ್ರಾನ್ಸ್ ದೇಶದ ಪದ್ಧತಿಯಲ್ಲಿ ಒಂದು ಅಂಕಿ, ಜೊತೆಗೆ ಎ, ಬಿ, ಸಿ ಅಕ್ಷರ ಇರುತ್ತವೆ. 9ಎಗಿಂತ 9ಬಿ ಕಷ್ಟ. ಕೈಗೆ ಸಿಗುವ ಹಿಡಿ ಎಷ್ಟು ಸಣ್ಣದು, ಬಂಡೆ ಎಷ್ಟು ಮುಂದಕ್ಕೆ ಬಾಗಿದೆ, ನಡುವೆ ಸುಧಾರಿಸಿಕೊಳ್ಳಲು ಜಾಗ ಇದೆಯೇ ಎಂದು ನೋಡುತ್ತಾರೆ. ಮೊದಲು ಹತ್ತಿದವರು ಒಂದು ದರ್ಜೆ ಹೇಳುತ್ತಾರೆ. ಆಮೇಲೆ ಹತ್ತಿದವರು ಹೌದು ಅಥವಾ ಅಲ್ಲ ಅಂತಾರೆ. ಎತ್ತರದವರಿಗೆ ಸುಲಭವಾದದ್ದು ಗಿಡ್ಡವರಿಗೆ ಕಷ್ಟ ಆಗಬಹುದು. ಆದ್ದರಿಂದ ಒಬ್ಬರ ಮಾತು ಸಾಲದು.

ಆದರೆ ತೀರಾ ಕಷ್ಟದ ದಾರಿ ಹತ್ತೋರೇ ಕಮ್ಮಿ. 1995ರಲ್ಲಿ ಫ್ರಾನ್ಸಿನ ಫ್ರೆಡ್ ರೂಲಿಂಗ್ ಎಂಬವರು ‘ಅಕಿರಾ’ ಎಂಬ ದಾರಿ ಹತ್ತಿ 9ಬಿ ಎಂದರು. ಬಹಳ ಜನ ನಂಬಲೇ ಇಲ್ಲ. 25 ವರ್ಷ ಕಳೆದು 2020ರಲ್ಲಿ ಸೆಬಾಸ್ಟಿಯನ್ ಬುವಾ ಮತ್ತು ಲೂಸಿಯನ್ ಮಾರ್ಟಿನೆಜ್ ಅದನ್ನು ಹತ್ತಿದರು. 9ಎ ಅಂದರು. ದರ್ಜೆ ಇಳಿಯಿತು. ಆದರೆ ಆ ದಾರಿ ಹತ್ತಲು ಆಗುವಂಥದ್ದೇ ಎಂದು ಗೊತ್ತಾಯಿತು.

ಕೆಳಗೆ ನಿಂತು ಅನುಮಾನಪಡೋದು ಸುಲಭ. ಹತ್ತಿ ನೋಡಿ ಹೇಳುವುದೇ ನ್ಯಾಯ ಅಲ್ಲವೇ?

(ಎಚ್ಚರಿಕೆ: ಹಗ್ಗ, ಕಲಿಸುವವರು ಇಲ್ಲದೆ ಯಾರೂ ಬಂಡೆ ಹತ್ತಬೇಡಿ!)